ಎಸ್‌ಇಒ (ಗೂಗಲ್ ಹುಡುಕಾಟದಲ್ಲಿ ಸೈಟ್ ಮೇಲೆ ಬರುವಂತೆ ಮಾಡುವ) ಕೆಲಸ ಸ್ವಂತವಾಗಿ ಶುರು ಮಾಡುವವರಿಗೆ

ಕೋರ್ಸ್‌ಗೆ ಸುಮ್ನೆ ದುಡ್ಡು ಸುರಿಯಬೇಡಿ. ಗೂಗಲ್‌ನದೇ ಎಸ್‌ಇಒ ಸ್ಟಾರ್ಟರ್ ಗೈಡ್ ಉಚಿತವಾಗಿದೆ, ಓದಿ. ಆಮೇಲೆ ಪರಿಚಯದವರ ಒಂದು ಸೈಟ್ ಹಿಡಿಯಿರಿ. ನಾನು ಶುರು ಮಾಡಿದ್ದು ಸಕಲೇಶಪುರದ ಒಂದು ಹೋಮ್‌ಸ್ಟೇಯಿಂದ. ಅವರ ಪ್ರತಿ ಪುಟದ ಟೈಟಲ್ಲೂ ಬರೀ ‘ಹೋಮ್’ ಅಂತಿತ್ತು. ಊರಿನ ಹೆಸರೇ ಇಲ್ಲದಿದ್ದರೆ ಪ್ರವಾಸಿಗರಿಗೆ ಹೇಗೆ ಸಿಗಬೇಕು, ಅಲ್ವಾ?

ಗೂಗಲ್‌ನ ಉಚಿತ ಸಾಧನ ಸರ್ಚ್ ಕನ್ಸೋಲ್, ಹುಡುಕಾಟದಲ್ಲಿ ಸೈಟ್ ಹೇಗೆ ಕಾಣಿಸಿಕೊಂಡಿದೆ ಅನ್ನುವುದರ 16 ತಿಂಗಳವರೆಗಿನ ಲೆಕ್ಕ ತೋರಿಸುತ್ತದೆ. ಜನ ಯಾವ ಪದ ಹಾಕಿ ಹುಡುಕಿದಾಗ ಸೈಟ್ 8ರಿಂದ 20ನೇ ಸ್ಥಾನದಲ್ಲಿ ಬರುತ್ತದೆ ನೋಡಿ. ಆ ಪುಟಗಳನ್ನೇ ಮೊದಲು ತಿದ್ದಿ. ನನಗೆ ಜಾಸ್ತಿ ಫಲ ಸಿಕ್ಕಿದ್ದು ಅಲ್ಲೇ. ತಿದ್ದುವ ಮುಂಚಿನ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಮುಂದಿನ ಗ್ರಾಹಕರಿಗೆ ಅದೇ ಸಾಕ್ಷಿ.

‘ಮೊದಲ ಸ್ಥಾನ ಗ್ಯಾರಂಟಿ’ ಅಂತ ಮಾತ್ರ ಹೇಳಬೇಡಿ, ಆ ಮಾತು ಯಾರೂ ಕೊಡಲಾಗದು. ಮಾಡುವ ಕೆಲಸದ ಪಟ್ಟಿ ಬರೆದುಕೊಡಿ, ತಿಂಗಳ ಲೆಕ್ಕದಲ್ಲಿ ಫೀಸ್ ಕೇಳಿ, ಅರ್ಧ ಮುಂಗಡ ಪಡೆಯಿರಿ.