ಹಾಸ್ಟೆಲಿನ ಕ್ಯಾಸೆಟ್‌ಗಳು ಮತ್ತೆ ಹಾಡಿದವು: ನನ್ನ ಅನುಭವ

ಧಾರವಾಡದ ಹಾಸ್ಟೆಲಿನಲ್ಲಿ 1991ರಿಂದ 94ರವರೆಗೆ ನಾವು ನಾಲ್ವರು ಸೇರಿ ತುಂಬಿಸಿದ್ದ 38 ಕ್ಯಾಸೆಟ್‌ಗಳಲ್ಲಿ 33 ಈಗ ನನ್ನ ಹಾರ್ಡ್ ಡಿಸ್ಕಿನಲ್ಲಿವೆ. ಒಂದೊಂದು ಬದಿಯೂ ಮೊದಲಿಂದ ಕೊನೆಯವರೆಗೆ, ಎಲ್ಲೂ ಕತ್ತರಿ ಹಾಕದೆ. ಎರಡು ವರ್ಷದ ಹಿಂದೆ ಈ ಕೆಲಸಕ್ಕೆ ಕೈ ಹಾಕಿದಾಗ ಆ ನಾಲ್ವರಲ್ಲಿ ಉಳಿದ ಮೂವರೂ ಬೇಡವೆಂದೇ ಹೇಳಿದ್ದರು. ‘ಎಲ್ಲಾ ಹಾಡು ಯೂಟ್ಯೂಬ್‌ನ್ಯಾಗ ಅದಾವಲ್ಲೋ, ಆ ಹಳೇ ಟೇಪ್ ತಿಕ್ಕೊಂತ ಯಾಕ ಕುಂದರ್ತಿ?’ ಅಂತ ಗದಗಿನ ಗೆಳೆಯ ಫೋನಿನಲ್ಲಿ ಬೈದಿದ್ದ. ಈಗ ಅವನೇ ವಾರಕ್ಕೊಮ್ಮೆ ಫೋನ್ ಮಾಡಿ ಮುಂದಿನದು ಯಾವಾಗ ಕಳಿಸುತ್ತೀ ಅಂತ ಕೇಳುತ್ತಾನೆ.

ಹಾಡುಗಳು ಯೂಟ್ಯೂಬಿನಲ್ಲಿ ಇರುವುದು ನಿಜ. ಆದರೆ ನನ್ನ ಹಾಡುಗಳು ಅಲ್ಲಿಲ್ಲ. ನಮ್ಮ ಏಳನೇ ಕ್ಯಾಸೆಟ್‌ನಲ್ಲಿ ಒಂದು ಭಾವಗೀತೆ ಮುಗಿಯುತ್ತಿದ್ದಂತೆ ಉದ್ಘೋಷಕರ ಅರ್ಧ ಮಾತು ಬರುತ್ತದೆ, ‘ಈಗ ನೀವು ಕೇಳಿ...’ ಅನ್ನುವಷ್ಟರಲ್ಲಿ ಟೇಪ್ ತಡೆಹಿಡಿಯುವ ಪಾಸ್ ಗುಂಡಿಯ ‘ಟಕ್’, ಆಮೇಲೆ ನೇರವಾಗಿ ಒಂದು ಸಿನಿಮಾ ಹಾಡಿನ ತಬಲಾ. ಮೂವತ್ತು ವರ್ಷವಾದರೂ ಆ ಭಾವಗೀತೆ ಎಲ್ಲಿ ಮುಗಿದರೂ ನನಗೆ ಆ ತಬಲಾ ಕೇಳಿಸುತ್ತದೆ. ನನಗೆ ಬೇಕಾಗಿದ್ದುದು ಆ ‘ಟಕ್’.

ನಾವು ಕಾಲೇಜಿಗೆ ಬರುವ ಹೊತ್ತಿಗೆ ‘ಪ್ರೇಮಲೋಕ’ ಬಂದು ನಾಲ್ಕು ವರ್ಷವಾಗಿತ್ತು, ಹಂಸಲೇಖರ ಹಾಡಿಲ್ಲದ ಹೋಟೆಲೇ ಇರಲಿಲ್ಲ. ಇನ್ನೊಂದು ಕಡೆ ಸಿ. ಅಶ್ವಥ್ ದನಿಯಲ್ಲಿ ಶರೀಫರ ಪದಗಳು. ನಮ್ಮ ರೂಮಿನಲ್ಲಿ ಇವೆರಡಕ್ಕೂ ಜಗಳವಿತ್ತು. ಅದಕ್ಕೇ ನಮ್ಮ ಕ್ಯಾಸೆಟ್‌ಗಳಲ್ಲಿ ಒಂದು ಅವರದ್ದು, ಒಂದು ಇವರದ್ದು ಅಂತ ಬೆರಕೆ. ಅರ್ಧಕ್ಕಿಂತ ಹೆಚ್ಚು ಆಕಾಶವಾಣಿ ಧಾರವಾಡದಿಂದ, ರೇಡಿಯೋದ ಮೀಡಿಯಂ ವೇವ್ 765 ಕಿಲೋಹರ್ಟ್ಜ್‌ನಿಂದ ಹಿಡಿದದ್ದು. ಉಳಿದದ್ದು ಬೇರೆಯವರ ಕ್ಯಾಸೆಟ್ ಬೇಡಿ ತಂದು ಇಳಿಸಿಕೊಂಡದ್ದು. ಖಾಲಿ ಕ್ಯಾಸೆಟ್‌ಗೆ ಇಪ್ಪತ್ತು ಇಪ್ಪತ್ತೈದು ರೂಪಾಯಿ ಆಗುತ್ತಿತ್ತು ಅಂತ ನೆನಪು, ತಲೆಗೆ ಐದಾರು ರೂಪಾಯಿ ಹಾಕಿ ತರುತ್ತಿದ್ದೆವು. ದುಡ್ಡಿಲ್ಲದ ತಿಂಗಳು ಯಾರದೋ ಮನೆಯ ಹಳೇ ಕ್ಯಾಸೆಟ್‌ನ ಮುರಿದ ಕಿವಿಗೆ (ಅದು ಮುರಿದಿದ್ದರೆ ಮತ್ತೆ ರೆಕಾರ್ಡ್ ಆಗದು) ಸೆಲೋಟೇಪ್ ಅಂಟಿಸಿ ಅದರ ಮೇಲೆಯೇ ಹಿಡಿಯುತ್ತಿದ್ದೆವು.

ಮೊದಲ ತಪ್ಪು ಅವಸರದ್ದು. ಆನ್‌ಲೈನಿನಲ್ಲಿ ಸುಮಾರು 1,800 ರೂಪಾಯಿಗೆ ಒಂದು ಯುಎಸ್‌ಬಿ ವಾಕ್‌ಮನ್ ತರಿಸಿದೆ. ಕ್ಯಾಸೆಟ್ ಹಾಕು, ಕಂಪ್ಯೂಟರಿಗೆ ಚುಚ್ಚು, ಮುಗಿಯಿತು ಅನ್ನುವ ಸಾಮಾನು. ಅದರ ಮೋಟಾರು ಒಂದೇ ವೇಗದಲ್ಲಿ ಓಡುತ್ತಿರಲಿಲ್ಲ, ಕೊಳಲಿನ ದನಿ ನೀರಿನ ಮೇಲೆ ತೇಲಿದ ಹಾಗೆ ಅಲುಗಾಡುತ್ತಿತ್ತು. ಇಂಥ ಅಲುಗಾಟವನ್ನು ಆಮೇಲೆ ಸಾಫ್ಟ್‌ವೇರ್‌ನಲ್ಲಿ ಸುಲಭವಾಗಿ ಸರಿ ಮಾಡುತ್ತೇನೆ ಅಂತ ಯಾರೂ ಕನಸು ಕಾಣಬೇಡಿ. ನಾನು ಮೂರು ವಾರ ಕೂತು ಸೋತಿದ್ದೇನೆ.

ಎರಡನೇ ತಪ್ಪು ದೊಡ್ಡದು. ಊರಿನ ಮನೆಯ ಅಟ್ಟದಲ್ಲಿದ್ದ ಕ್ಯಾಸೆಟ್‌ಗಳಲ್ಲಿ ಏಳೆಂಟಕ್ಕೆ ಬೂಷ್ಟು ಹಿಡಿದಿತ್ತು. ಕಿಟಕಿಯಂಥ ಗಾಜಿನೊಳಗೆ ಸುರುಳಿಯ ಅಂಚಿನಲ್ಲಿ ಬಿಳಿ ಪುಡಿ ಕಾಣುತ್ತದಲ್ಲ, ಅದು. ನೋಡಿಯೂ ಒಂದನ್ನು ಹಾಕಿ ಓಡಿಸಿದೆ. ಆ ಪುಡಿ ಟೇಪನ್ನು ಓದುವ ಹೆಡ್‌ಗೆ, ರಬ್ಬರ್ ರೋಲರ್‌ಗೆ ಮೆತ್ತಿಕೊಂಡು, ಆಮೇಲೆ ಹಾಕಿದ ಮೂರು ಒಳ್ಳೆಯ ಕ್ಯಾಸೆಟ್‌ಗಳಿಗೂ ದಾಟಿತು. ಈಗ ನಾನು ಮಾಡುವುದು ಇಷ್ಟು: ಬೂಷ್ಟಿನವನ್ನು ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಎರಡು ತಿಂಗಳು ಇಟ್ಟು ಒಣಗಿಸುತ್ತೇನೆ, ಸ್ಕ್ರೂ ಇದ್ದರೆ ಚಿಪ್ಪು ಬಿಚ್ಚಿ, ಟೇಪನ್ನು ಒಣ ಮೃದು ಬಟ್ಟೆಯ ನಡುವೆ ಕೈಯಿಂದಲೇ ಸುತ್ತಿಸಿ, ಹೊಸ ಚಿಪ್ಪಿಗೆ ಹಾಕುತ್ತೇನೆ. ಮೂಗಿಗೆ ಮಾಸ್ಕ್ ಇರಲೇಬೇಕು. ಸಿ–90ರ (90 ನಿಮಿಷದ ಕ್ಯಾಸೆಟ್‌ನ) ಟೇಪು ಸಿ–60ಕ್ಕಿಂತ ತೆಳು, ಎಳೆದರೆ ಹಿಗ್ಗುತ್ತದೆ, ಅದಕ್ಕೆ ಕೈ ಇನ್ನೂ ಹಗುರವಿರಬೇಕು. ಎಷ್ಟೋ ಹಳೇ ಕ್ಯಾಸೆಟ್‌ಗಳಲ್ಲಿ ಟೇಪನ್ನು ಹೆಡ್‌ಗೆ ಒತ್ತಿ ಹಿಡಿಯುವ, ಟೇಪಿನ ಹಿಂದಿನ ಆ ಪುಟ್ಟ ಬಟ್ಟೆಯ ಪ್ಯಾಡ್ ಕಳಚಿ ಬಿದ್ದಿರುತ್ತದೆ. ಅದಿಲ್ಲದೆ ಹಾಡಿಸಿದರೆ ದನಿ ಪಕ್ಕದ ಕೋಣೆಯಿಂದ ಬಂದ ಹಾಗಿರುತ್ತದೆ, ಜನ ಟೇಪೇ ಹಾಳಾಯಿತೆಂದು ಬಿಸಾಡುತ್ತಾರೆ. ದಯವಿಟ್ಟು ಬಿಸಾಡಬೇಡಿ, ಮೊದಲು ಪ್ಯಾಡ್ ನೋಡಿ.

ಇಷ್ಟರಲ್ಲಿ ಸಾಕಾಗಿ ಮೂರು ಕ್ಯಾಸೆಟ್‌ಗಳನ್ನು ಬೆಂಗಳೂರಿನ ಒಂದು ಸ್ಟುಡಿಯೋಗೆ ಕೊಟ್ಟೆ. ಒಂದಕ್ಕೆ 350 ರೂಪಾಯಿ. ಹದಿನೈದು ದಿನದ ಮೇಲೆ ಪೆನ್ ಡ್ರೈವ್ ಕೈಗೆ ಬಂತು. ಹಾಡುಗಳೆಲ್ಲ ಬಿಡಿ ಬಿಡಿಯಾಗಿ, ಹೆಸರು ಹಾಕಿ, ತೊಳೆದು ಇಟ್ಟಿದ್ದರು. ಉದ್ಘೋಷಕರಿಲ್ಲ, ಪಾಸ್ ಗುಂಡಿಯಿಲ್ಲ, ಟೇಪಿನ ‘ಸ್ಸ್’ ಸದ್ದಿನ ಜೊತೆ ತಾಳದ ಚುರುಕೂ ಹೋಗಿತ್ತು. ಅದನ್ನೂ ಸಹಿಸಿಕೊಳ್ಳುತ್ತಿದ್ದೆನೇನೋ. ಆದರೆ ಆ ಮೂರರಲ್ಲಿ ಮಳೆಯ ಕ್ಯಾಸೆಟ್ ಇತ್ತು.

ಅದರ ಕಥೆ ಹೇಳಲೇಬೇಕು. 1992ರ ಮಳೆಗಾಲ. ಮಳೆ ಶುರುವಾಗಿ ಕರೆಂಟು ಹೋಯಿತು, ರೇಡಿಯೋದಲ್ಲಿ ಭಾವಗೀತೆಗಳ ಹೊತ್ತು ಹತ್ತಿರವಾಗಿತ್ತು. ನಮ್ಮ ಟು–ಇನ್–ಒನ್‌ಗೆ (ರೇಡಿಯೋ, ಟೇಪ್ ಎರಡೂ ಇದ್ದ ಪೆಟ್ಟಿಗೆ) ನಾಲ್ಕು ದಪ್ಪ ಸೆಲ್ ಬೇಕು. ಎರಡು ನಮ್ಮಲ್ಲಿದ್ದವು, ಇನ್ನೆರಡನ್ನು ಗದಗಿನವನು ತನ್ನ ಟಾರ್ಚಿನಿಂದ ಬಿಚ್ಚಿಕೊಟ್ಟ. ಕತ್ತಲಲ್ಲಿ ರೆಕಾರ್ಡಿನ ಕೆಂಪು ಮತ್ತು ಪ್ಲೇ ಎರಡೂ ಗುಂಡಿ ಒಟ್ಟಿಗೆ ಒತ್ತಿ, ಕದಲದೆ ಕೂತಿದ್ದೆವು. ಮೀಡಿಯಂ ವೇವ್ ಅಲ್ಲವೇ, ಹೊರಗೆ ಮಿಂಚಿದಾಗಲೆಲ್ಲ ರೇಡಿಯೋ ‘ಟರ್’ ಅನ್ನುತ್ತಿತ್ತು. ಹಿಡಿದದ್ದು ನೇರ ರೇಡಿಯೋದಿಂದ, ಮೈಕಿನಿಂದ ಅಲ್ಲ. ಹಾಗಾಗಿ ಗುಡುಗು ಆ ಟೇಪಿನಲ್ಲಿಲ್ಲ, ಮಿಂಚು ಮಾತ್ರ ಇದೆ. ಒಂದು ಹಾಡಿನ ಎರಡನೇ ಚರಣದಲ್ಲಿ ಸಾಲಾಗಿ ನಾಲ್ಕು ಮಿಂಚು. ಸ್ಟುಡಿಯೋದವರು ಅದನ್ನು ಗೀರು ಅಂತ ತಿಳಿದು ಒಂದೊಂದನ್ನೂ ಅಳಿಸಿದ್ದರು.

ಆ ರಾತ್ರಿ ಪೆನ್ ಡ್ರೈವನ್ನು ಪಕ್ಕಕ್ಕಿಟ್ಟು, ಇನ್ನು ಈ ಕೆಲಸ ನಾನೇ ಮಾಡುತ್ತೇನೆಂದು ಗಟ್ಟಿ ಮಾಡಿಕೊಂಡೆ.

ಬೆಂಗಳೂರಿನ ಎಸ್.ಪಿ. ರೋಡಿನ ಕಡೆ ಎರಡು ದಿನ ಅಲೆದು ಹಳೇ ಕ್ಯಾಸೆಟ್ ಡೆಕ್ ಒಂದನ್ನು 4,500ಕ್ಕೆ ತಂದೆ. ಹೇಳಿದ್ದು ಏಳು ಸಾವಿರ, ಬೆಲ್ಟ್ ಕರಗಿ ಡಾಂಬರಾಗಿದ್ದನ್ನು ತೋರಿಸಿ ಇಳಿಸಿದೆ. ಬೆಲ್ಟ್, ಪಿಂಚ್ ರೋಲರ್ (ಆ ರಬ್ಬರ್ ರೋಲರ್), ಹೆಡ್ ಒರೆಸಲು ಐಸೋಪ್ರೊಪೈಲ್ ಆಲ್ಕೋಹಾಲ್ ಎಲ್ಲ ಸೇರಿ ಇನ್ನೊಂದು ಸಾವಿರದ ಇನ್ನೂರು. ಲ್ಯಾಪ್‌ಟಾಪಿನ ಮೈಕ್ ತೂತಿಗೆ ಚುಚ್ಚಬೇಡಿ, ಅದು ಹೆಚ್ಚಾಗಿ ಮೋನೋ (ಎಡ ಬಲ ಬೇರೆಯಾಗಿ ಇಲ್ಲದ್ದು), ದನಿ ಒಡೆಯುತ್ತದೆ. ಲೈನ್–ಇನ್ ಇರುವ ಹೊರಗಿನ ಸೌಂಡ್ ಕಾರ್ಡ್‌ಗೆ ಮೂರೂವರೆ ಸಾವಿರ ಕೊಟ್ಟೆ, ಇಡೀ ಖರ್ಚಿನಲ್ಲಿ ಮರುಯೋಚನೆ ಬಾರದ್ದು ಅದೊಂದೇ. ರೆಕಾರ್ಡ್ ಮಾಡಿದ್ದು ಆಡಾಸಿಟಿ ಅನ್ನುವ ಉಚಿತ ಸಾಫ್ಟ್‌ವೇರ್‌ನಲ್ಲಿ, 24 ಬಿಟ್, 48 ಕಿಲೋಹರ್ಟ್ಜ್. ಸಿ–90ರ ಒಂದು ಬದಿ ಎಂಟುನೂರು ಎಂಬಿಯ ಆಸುಪಾಸು, ಫ್ಲಾಕ್ (ದನಿ ಕೆಡದಂತೆ ಕುಗ್ಗಿಸುವ ಫೈಲು) ಮಾಡಿದರೆ ಅರ್ಧ. ಟೇಪಿನ ‘ಸ್ಸ್’ ತಗ್ಗಿಸುವ ಡಾಲ್ಬಿ ಆಫ್. ನಮ್ಮ ಟು–ಇನ್–ಒನ್‌ನಲ್ಲಿ ಡಾಲ್ಬಿ ಇರಲೇ ಇಲ್ಲ, ಈಗ ಹಾಕಿದರೆ ಇರುವ ಚುರುಕೂ ಸಾಯುತ್ತದೆ.

ಆದರೂ ದನಿ ಮಂಕು. ಹೆಡ್‌ನ ಕೋನದ ತೊಂದರೆ ಅಂತ ಗೊತ್ತಿತ್ತು. ಹಿಡಿದ ಯಂತ್ರದ ಹೆಡ್ ಯಾವ ಓರೆಯಲ್ಲಿತ್ತೋ ಹಾಡಿಸುವ ಹೆಡ್ ಕೂಡ ಅದೇ ಓರೆಗೆ ಬರಬೇಕು. ಎಲ್ಲರೂ ಹೇಳುವುದು ಒಂದೇ, ಹೆಡ್ ಪಕ್ಕದ ಸ್ಕ್ರೂ ತಿರುಗಿಸುತ್ತಾ ತಾಳ, ಗೆಜ್ಜೆ ಚುರುಕಾಗಿ ಕೇಳುವವರೆಗೆ ಹೋಗಿ ಅಂತ. ಕ್ಯಾಸೆಟ್‌ನಿಂದ ಕ್ಯಾಸೆಟ್‌ಗೆ ಇಳಿಸಿದವಕ್ಕೆ ಇದು ಸಾಕು. ಮೀಡಿಯಂ ವೇವ್‌ನಿಂದ ಹಿಡಿದದ್ದರಲ್ಲಿ ಚುರುಕೇ ಇರುವುದಿಲ್ಲವಲ್ಲ, ಕಿವಿ ಏನನ್ನು ಹಿಡಿದೀತು? ಒಂದು ತಿಂಗಳು ಇಲ್ಲೇ ಸಿಕ್ಕಿಬಿದ್ದೆ.

ದಾರಿ ಸಿಕ್ಕಿದ್ದು ಒಂದು ಕೆಟ್ಟ ಹೆಡ್‌ಫೋನಿನಿಂದ. ಎಡ ಬಲ ಎರಡಕ್ಕೂ ಸೇರಿದ ಅದರ ಕಾಮನ್ ತಂತಿ ತುಂಡಾಗಿತ್ತು. ಅಂಥ ಹೆಡ್‌ಫೋನಿನಲ್ಲಿ ಕೇಳುವುದು ಎಡ ಬಲಗಳ ವ್ಯತ್ಯಾಸ ಮಾತ್ರ. ಎರಡೂ ಕಡೆ ಒಂದೇ ಇರುವುದೆಲ್ಲ ಅಳಿಸಿಹೋಗುತ್ತದೆ. ನಮ್ಮ ಟು–ಇನ್–ಒನ್ ಮೋನೋ. ಅಂದರೆ ಸ್ಟೀರಿಯೋ ಹೆಡ್ ಸರಿಯಾದ ಓರೆಗೆ ಬಂದ ಕ್ಷಣ ಎಡ ಬಲ ಎರಡೂ ಒಂದೇ ಆಗಿ, ಈ ಹೆಡ್‌ಫೋನಿನಲ್ಲಿ ಹಾಡು ಮಾಯವಾಗಬೇಕು! ಸ್ಕ್ರೂ ಕೂದಲೆಳೆಯಷ್ಟು ತಿರುಗಿಸುತ್ತಾ ಹೋದೆ. ಹಾಡು ತೆಳ್ಳಗಾಗುತ್ತಾ, ದೂರವಾಗುತ್ತಾ, ಒಂದು ಜಾಗದಲ್ಲಿ ಬರೀ ‘ಸ್ಸ್’ ಉಳಿಯಿತು. ಒಳ್ಳೆಯ ಹೆಡ್‌ಫೋನ್ ಚುಚ್ಚಿ ಕೇಳಿದಾಗ ಉದ್ಘೋಷಕರು ಉಸಿರು ಎಳೆದುಕೊಳ್ಳುವುದೂ ಕೇಳಿಸಿತು. ಮೂವತ್ತು ವರ್ಷದಲ್ಲಿ ಆ ಉಸಿರನ್ನು ನಾನು ಕೇಳಿಯೇ ಇರಲಿಲ್ಲ.  ಗೆಳೆಯನೊಬ್ಬ ಸೌಂಡ್ ಎಂಜಿನಿಯರ್, ಅವನೇ ನನ್ನಿಂದ ಕಲಿತುಕೊಂಡು ಹೋದ. ಮೋನೋ ಟೇಪ್ ಆದರೆ ಕೊನೆಗೆ ಎಡ ಬಲ ಕೂಡಿಸಿ ಒಂದು ಮಾಡಿ, ‘ಸ್ಸ್’ ಸದ್ದು ತಾನಾಗಿಯೇ ಇನ್ನಷ್ಟು ಇಳಿಯುತ್ತದೆ. ಆ ಸದ್ದು ಕಡಿಮೆ ಮಾಡಲು ನಾನು ಬಳಸುವ ಉಪಾಯ ಅದೊಂದೇ.

ವೇಗದ ಕಥೆ ಬೇರೆ. ಕರೆಂಟಿನಲ್ಲಿ ಹಿಡಿದ ಟೇಪುಗಳಲ್ಲಿ ಸಣ್ಣ ಗುಂಯ್ ಇರುತ್ತದೆ, ಅದು ಕರೆಂಟಿನದೇ 50 ಹರ್ಟ್ಜ್ (ಸೆಕೆಂಡಿಗೆ 50 ಕಂಪನ), ಅದನ್ನೇ ಅಳತೆಗೋಲು ಮಾಡಿ ಅಂತ ಬಲ್ಲವರು ಹೇಳುತ್ತಾರೆ. ನಾನೂ ಐದು ಬದಿಗಳನ್ನು ಹಾಗೆ ಸರಿಪಡಿಸಿದೆ. ಐದೂ ತಪ್ಪು. ಹಾಡುಗಾರರ ಶ್ರುತಿ ನನ್ನ ಹಾರ್ಮೋನಿಯಮ್ಮಿಗೆ ಕೂಡಲಿಲ್ಲ. ಆಗಿನ ನಮ್ಮ ಕರೆಂಟಿಗೆ 50ರಲ್ಲಿ ನಿಲ್ಲುವ ಅಭ್ಯಾಸ ಎಲ್ಲಿತ್ತು? ಸಂಜೆ ಲೋಡ್ ಏರಿದಾಗ 49, ಅದಕ್ಕೂ ಕೆಳಗೆ ಇಳಿಯುತ್ತಿತ್ತು. ನಾವು ಹಿಡಿಯುತ್ತಿದ್ದುದೇ ಸಂಜೆ. ಈಗ ನಾನು ಮಾಡುವುದು ಸರಳ: ಅದೇ ಹಾಡಿನ ಒಳ್ಳೆಯ ಪ್ರತಿ ತೆಗೆದುಕೊಂಡು, ಮೊದಲ ತಬಲಾ ಪೆಟ್ಟಿನಿಂದ ಕೊನೆಯ ಪೆಟ್ಟಿನವರೆಗೆ ಎರಡರಲ್ಲೂ ಸೆಕೆಂಡು ಎಣಿಸಿ, ಆ ಲೆಕ್ಕದಲ್ಲಿ ಇಡೀ ಬದಿಯ ವೇಗ ಬದಲಿಸುವುದು. ಹೆಚ್ಚಿನವು ನೂರಕ್ಕೆ ಎರಡು ಮೂರರಷ್ಟು ಜೋರಾಗಿ ಓಡುತ್ತಿದ್ದವು.

ಮಳೆಯ ಕ್ಯಾಸೆಟ್ ಈ ಲೆಕ್ಕಕ್ಕೂ ಸಿಗಲಿಲ್ಲ. ಸೆಲ್ ಸಾಯುತ್ತಾ ಬಂದಂತೆ ಹಿಡಿಯುವಾಗ ಟೇಪ್ ನಿಧಾನವಾಗಿ ಓಡಿತ್ತು, ಆದ್ದರಿಂದ ಈಗ ಹಾಡಿಸಿದರೆ ದನಿ ಏರುತ್ತಾ ಹೋಗುತ್ತದೆ. ಮೊದಲ ಹಾಡು ಸರಿ, ಮೂರನೆಯದು ಚೂರು ಅವಸರ, ಐದನೆಯದರ ಹೊತ್ತಿಗೆ ಗಂಡು ದನಿ ಹುಡುಗನ ದನಿ. ಏರಿಕೆ ಸಮನಾಗಿಯೂ ಇಲ್ಲ, ಕೊನೆಯಲ್ಲಿ ಧಡಕ್ಕನೆ ಏರುತ್ತದೆ. ಆಡಾಸಿಟಿಯಲ್ಲಿ ಜಾರುತ್ತಾ ಹೋಗುವ ಹಾಗೆ ವೇಗ ಬದಲಿಸುವ ಸೌಲಭ್ಯ ಇದೆ, ಒಂದೇ ಬಾರಿಗೆ ಇಡೀ ಬದಿಗೆ ಹಾಕಿದರೆ ನಡುವಿನ ಹಾಡುಗಳು ಕೆಡುತ್ತವೆ. ನಾನು ಬದಿಯನ್ನು ಎಲ್ಲೆಲ್ಲಿ ಎಷ್ಟೆಷ್ಟು ತುಂಡು ಮಾಡಿ, ಬೆಸುಗೆ ಕಾಣದ ಹಾಗೆ ಹೇಗೆ ಸೇರಿಸಿದೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಆರು ವಾರದ ರಾತ್ರಿಗಳ ದುಡಿಮೆ ಅದು, ನನ್ನ ಹತ್ತಿರವೇ ಇರಲಿ. ಇಷ್ಟು ಹೇಳಬಲ್ಲೆ, ಸಾಫ್ಟ್‌ವೇರ್‌ಗಿಂತ ತಂಬೂರಿ ಹೆಚ್ಚು ಕೆಲಸಕ್ಕೆ ಬಂತು.

ನಡುವೆ ಇನ್ನೊಂದು ಪರೀಕ್ಷೆ ಮಾಡಿದೆ. ಏಳು ಜನ ಹಾಸ್ಟೆಲ್ ಗೆಳೆಯರಿಗೆ ಮೊದಲು ಆ ಹಾಡುಗಳ ಸ್ವಚ್ಛ ಪ್ರತಿಗಳನ್ನೇ, ನಮ್ಮ ಕ್ಯಾಸೆಟ್‌ನ ಕ್ರಮದಲ್ಲಿ, ಯಾವುದೆಂದು ಹೇಳದೆ ಕಳಿಸಿದೆ. ‘ಚಲೋ ಹಾಡು’, ‘ಸೂಪರ್’, ಎರಡು ಹೆಬ್ಬೆರಳು, ಅಷ್ಟೇ. ಹತ್ತು ದಿನ ಬಿಟ್ಟು ನಮ್ಮ ಟೇಪಿನ ಪ್ರತಿ ಕಳಿಸಿದೆ. ಬೆಳಗಾವಿಯವನು ಮೊದಲ ಪಾಸ್ ಗುಂಡಿಗೇ ಫೋನ್ ಮಾಡಿ, ಆ ಗುಂಡಿ ಒತ್ತಿದ್ದು ತಾನು, ನಾನಲ್ಲ ಅಂತ ವಾದಕ್ಕೆ ಇಳಿದ. ಒಬ್ಬ ರೂಮಿನ ನಂಬರು ಬರೆದ, ಒಬ್ಬ ಯಾರ ಮದುವೆಗೆ ಯಾರು ಆ ಟು–ಇನ್–ಒನ್ ಒಯ್ದು ಹ್ಯಾಂಡಲ್ ಮುರಿದು ತಂದರೆಂದು ಬರೆದ. ಇಬ್ಬರು ಏನೂ ಹೇಳಲಿಲ್ಲ. ಸ್ವಚ್ಛ ಪ್ರತಿಗೆ ಒಬ್ಬನೂ ರೂಮಿನ ಮಾತು ಎತ್ತಿರಲಿಲ್ಲ ಅನ್ನುವುದನ್ನು ಗಮನಿಸಿ. ಕ್ರಮ ಎರಡರಲ್ಲೂ ಒಂದೇ ಇತ್ತು.

ಮಳೆಯ ಕ್ಯಾಸೆಟ್ಟನ್ನು ಗದಗಿನವನಿಗೆ ಮಾತ್ರ ಎದುರು ಕೂರಿಸಿಕೊಂಡು ಕೇಳಿಸಿದೆ. ಕಣ್ಣು ಮುಚ್ಚಿ ಕೂತಿದ್ದ. ಎರಡನೇ ಚರಣ ಬಂತು, ನಾಲ್ಕು ಮಿಂಚೂ ಬಂದವು. ಅವನು ಎದ್ದು ಕಿಟಕಿ ಮುಚ್ಚಲು ಕೈ ಚಾಚಿದ. ಹೊರಗೆ ಸುಡು ಬಿಸಿಲು. ಆಮೇಲೆ ಬಹಳ ಹೊತ್ತು ಇಬ್ಬರೂ ಮಾತಾಡಲಿಲ್ಲ. ಹೊರಡುವಾಗ ಬಾಗಿಲಲ್ಲಿ ನಿಂತು, ‘ನನ್ನ ಎರಡು ಸೆಲ್ ನೀವು ತಿರುಗಿ ಕೊಡಲೇ ಇಲ್ಲ’ ಅಂದ.

ಒಟ್ಟು ಖರ್ಚು ಹನ್ನೆರಡು ಸಾವಿರದ ಮೇಲೆ ಆಗಿರಬೇಕು, ಮೊದಲ ಯುಎಸ್‌ಬಿ ವಾಕ್‌ಮನ್ ಮತ್ತು ಸ್ಟುಡಿಯೋದ ದಂಡ ಸೇರಿ. ಸಮಯದ ಲೆಕ್ಕ ಇಟ್ಟಿಲ್ಲ. ಉಳಿದಿರುವುದು ಐದು. ಅದರಲ್ಲಿ ಒಂದು ನಡುವೆ ತುಂಡಾಗಿ ಒಳಗೆ ಸುತ್ತಿಕೊಂಡಿದೆ, ಸ್ಕ್ರೂ ಇಲ್ಲದ ಅಂಟಿಸಿದ ಚಿಪ್ಪು, ಒಡೆದೇ ತೆಗೆಯಬೇಕು. ನಾಲ್ಕು ಸಿಲಿಕಾ ಜೆಲ್ ಡಬ್ಬಿಯಲ್ಲಿವೆ. ಅದರಲ್ಲೊಂದರ ಕಾರ್ಡಿನ ಮೇಲೆ ಬರೀ ‘ಕೊನೇ ವಾರ’ ಅಂತ ನೀಲಿ ಇಂಕಿನಲ್ಲಿ ಬರೆದಿದೆ, ಹಾಡಿನ ಪಟ್ಟಿಯಿಲ್ಲ. ಅಕ್ಷರ ನನ್ನದಲ್ಲ, ಗದಗಿನವನದೂ ಅಲ್ಲ. ಬೆಳಗಾವಿಯವನನ್ನು ಕೇಳಿದರೆ ತನ್ನದೂ ಅಲ್ಲ ಅನ್ನುತ್ತಾನೆ. ಬರುವ ತಿಂಗಳ ಕೊನೆಗೆ ಡಬ್ಬಿ ತೆರೆಯುತ್ತೇನೆ.