ಹಿಮ ಬೀಳುವ ಊರಲ್ಲಿ ಅಚ್ಚಿನ ಕಾಂಕ್ರೀಟ್: ಪುಣೆಯಿಂದ ಹೋಗಿ ಮಾಡಿದ ಕೆಲಸ

ಸ್ಟ್ಯಾಂಪ್ಡ್ ಕಾಂಕ್ರೀಟ್, ಅಂದರೆ ಹಸಿ ಇರುವಾಗಲೇ ಕಲ್ಲಿನಂಥ ಅಚ್ಚು ಒತ್ತಿ ಮಾಡುವ ಕಾಂಕ್ರೀಟ್ ನೆಲ, ನೋಡಿದವರೆಲ್ಲ ಮೊದಲು ಕೇಳುವುದು ಅಚ್ಚಿನ ಬಗ್ಗೆ. ಯಾವ ಡಿಸೈನ್ ಇದೆ, ಯಾವ ಬಣ್ಣ ಬರುತ್ತೆ, ಎಷ್ಟು ಹೊಳೆಯುತ್ತೆ. ಅಚ್ಚು ಒತ್ತುವುದು ಕೊನೆಯ ಒಂದೆರಡು ಗಂಟೆಯ ಕೆಲಸ. ಹಿಮ ಬೀಳುವ ಊರಲ್ಲಿ ಆ ನೆಲ ಉಳಿಯುತ್ತೋ ಇಲ್ಲವೋ ಅನ್ನೋದು ಅದಕ್ಕೂ ಮುಂಚೆ, ನೀರಿನ ವಿಷಯದಲ್ಲೇ ತೀರ್ಮಾನ ಆಗಿರುತ್ತೆ. ಮಾಲಿನಲ್ಲಿ (ಕಲಸಿದ ಹಸಿ ಕಾಂಕ್ರೀಟಿನಲ್ಲಿ) ಎಷ್ಟು ನೀರು, ಮೇಲಿಂದ ಎಷ್ಟು ಬೇಗ ಹಾರುತ್ತೆ, ಅಡಿಯಲ್ಲಿ ಎಲ್ಲಿ ನಿಲ್ಲುತ್ತೆ, ಹೆಪ್ಪುಗಟ್ಟಿದಾಗ ಅದಕ್ಕೆ ಜಾಗ ಇದೆಯಾ. ಮನಾಲಿಯಲ್ಲಿ ಒಂದು ಹೋಮ್‌ಸ್ಟೇ ಅಂಗಳ ಮಾಡಿದ ಮೇಲೆ ಇದನ್ನು ಬರೆದಿಡಬೇಕು ಅನ್ನಿಸಿತು.

ನಾನಿರುವುದು ಪುಣೆಯಲ್ಲಿ. ಬಾಣೇರ್, ವಾಘೋಲಿ ಕಡೆ ಸೊಸೈಟಿಗಳ ಡ್ರೈವ್‌ವೇ, ಮಹಾಬಳೇಶ್ವರದಲ್ಲಿ ಬಂಗಲೆಗಳ ಅಂಗಳ, ಇದೇ ನನ್ನ ದಿನದ ಕೆಲಸ. ನಮ್ಮ ಗ್ಯಾಂಗಿನಲ್ಲಿ ಜಾಸ್ತಿ ಜನ ವಿಜಯಪುರ, ಇಂಡಿ ಕಡೆಯವರು. ಸೈಟಿನಲ್ಲಿ ಕನ್ನಡವೇ ನಡೆಯುತ್ತೆ. ಇಲ್ಲಿ ನಮ್ಮ ಶತ್ರು ಮಳೆ ಮತ್ತು ಪಾಚಿ. ಸುಮಾರು 1,350 ಮೀಟರ್ ಎತ್ತರದ ಮಹಾಬಳೇಶ್ವರದಲ್ಲೂ ಕಾಂಕ್ರೀಟಿನೊಳಗಿನ ನೀರು ಗಡ್ಡೆ ಕಟ್ಟುವ ಚಿಂತೆ ಇಲ್ಲ. ಮನಾಲಿ ಸುಮಾರು 2,050 ಮೀಟರ್. ಅಲ್ಲಿ ಚಳಿಗಾಲದಲ್ಲಿ ಹಗಲು ಹಿಮ ಕರಗುತ್ತೆ, ರಾತ್ರಿ ಮತ್ತೆ ಹೆಪ್ಪುಗಟ್ಟುತ್ತೆ. ಕಾಂಕ್ರೀಟನ್ನು ಕೊಲ್ಲುವುದು ಈ ಹೋಗಿ ಬರುವ ಆಟ. ಬರೀ ಚಳಿ ಅಷ್ಟು ಕೆಟ್ಟದ್ದಲ್ಲ.

ನೀರು ಮಂಜುಗಡ್ಡೆ ಆಗುವಾಗ ಶೇ. 9ರಷ್ಟು ಹಿಗ್ಗುತ್ತೆ. ಕಾಂಕ್ರೀಟಿನ ಸಣ್ಣ ರಂಧ್ರಗಳಲ್ಲಿ ನೀರು ತುಂಬಿದ್ದರೆ ಹಿಗ್ಗಲು ಜಾಗ ಇಲ್ಲ, ಮೇಲಿನ ಪದರ ಚಕ್ಕೆ ಚಕ್ಕೆಯಾಗಿ ಏಳುತ್ತೆ. ಸಾದಾ ಕಾಂಕ್ರೀಟಿನಲ್ಲಿ ಚಕ್ಕೆ ಎದ್ದರೆ ನೋಡಲು ಕೆಟ್ಟದು, ಅಷ್ಟೇ. ಅಚ್ಚಿನ ನೆಲದಲ್ಲಿ ಇಡೀ ಚೆಲುವು ಇರುವುದೇ ಆ ಮೇಲಿನ ಕೆಲವು ಮಿಲಿಮೀಟರಿನಲ್ಲಿ. ಅದು ಹೋದರೆ ಎಲ್ಲ ಹೋಯ್ತು.

ಇದಕ್ಕೆ ಮದ್ದು ಗಾಳಿ. ಏರ್ ಎಂಟ್ರೇನಿಂಗ್ ಅಡ್‌ಮಿಕ್ಸ್ಚರ್ (ಗಾಳಿಗುಳ್ಳೆ ಹಿಡಿದಿಡುವ ರಾಸಾಯನಿಕ) ಹಾಕಿದರೆ ಮಾಲಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಗುಳ್ಳೆಗಳು ಹರಡಿಕೊಳ್ಳುತ್ತವೆ. ಹೆಪ್ಪುಗಟ್ಟುವ ನೀರಿನ ಒತ್ತಡ ಆ ಗುಳ್ಳೆಗಳಲ್ಲಿ ಇಳಿಯುತ್ತೆ. ಒದ್ದೆಯಾಗಿ ಹೆಪ್ಪುಗಟ್ಟುವ ಕಡೆ ಎಂ50 ಅನ್ನುವ ಬಲದ ದರ್ಜೆಗಿಂತ ಕೆಳಗಿನ ಕಾಂಕ್ರೀಟಿಗೆ, 20 ಮಿ.ಮೀ. ಜಲ್ಲಿ ಇದ್ದರೆ, ಶೇ. 5ರಷ್ಟು ಗಾಳಿ ಇರಬೇಕು, ಒಂದು ಆಚೆ ಈಚೆ ಆಗಬಹುದು ಅಂತ ಕಾಂಕ್ರೀಟಿನ ಭಾರತೀಯ ಮಾನದಂಡ ಐಎಸ್ 456:2000ರಲ್ಲೇ ಇದೆ. ಪುಣೆಯಲ್ಲಿ ನಮಗೆ ಇದರ ಗೊಡವೆಯೇ ಇರಲಿಲ್ಲ.

ಹೋಮ್‌ಸ್ಟೇ ಮಾಲೀಕರೂ ಪುಣೆಯವರೇ. ಬಾಯಲ್ಲಿ ಹೇಳಿದರೆ ಸಾಲದು ಅಂತ ವಾಘೋಲಿಯ ನಮ್ಮ ಯಾರ್ಡಿನಲ್ಲಿ ಎರಡು ಬಗೆಯ ತುಂಡು ಮಾಡಿದೆವು. ಒಂದಕ್ಕೆ ಗಾಳಿ ಸೇರಿಸಿದ ಮಾಲು, ಇನ್ನೊಂದಕ್ಕೆ ಸಾದಾ. ಚೆನ್ನಾಗಿ ಗಟ್ಟಿಯಾದ ಮೇಲೆ ಮೇಲೆ ಉಪ್ಪುನೀರು ನಿಲ್ಲಿಸಿ, ರಾತ್ರಿ ಐಸ್‌ಕ್ರೀಮ್ ಇಡುವ ಡೀಪ್ ಫ್ರೀಜರಿನಲ್ಲಿ, ಹಗಲು ಹೊರಗೆ. ಇದು ಲ್ಯಾಬ್ ಟೆಸ್ಟ್ ಅಲ್ಲ, ಗೊತ್ತು. ಆದರೆ ಕೆಲವು ವಾರಗಳಲ್ಲಿ ಸಾದಾ ತುಂಡಿನ ಮುಖ ಉದುರತೊಡಗಿತು, ಇನ್ನೊಂದು ಹಾಗೇ ಉಳಿಯಿತು. ಆಮೇಲೆ ಅವರು ಖರ್ಚಿನ ಬಗ್ಗೆ ಪ್ರಶ್ನೆ ಕೇಳಲಿಲ್ಲ.

ಗಾಳಿ ಜಾಸ್ತಿಯಾದರೆ ಬಲ ಕಡಿಮೆಯಾಗುತ್ತೆ. ಅದಕ್ಕೆ ನೀರು-ಸಿಮೆಂಟ್ ಅನುಪಾತ 0.42ಕ್ಕೆ ಇಳಿಸಿ, ನೀರು ಕಡಿಮೆಯಿದ್ದರೂ ಮಾಲು ಸಡಿಲವಾಗಿರಲು ಸೂಪರ್ ಪ್ಲಾಸ್ಟಿಸೈಸರ್ ಹಾಕಿ ಎಂ35ಕ್ಕೆ ಮಾಲು ಕಟ್ಟಿದೆವು. ಪಿಪಿಸಿ (ಹಾರುಬೂದಿ ಬೆರೆಸಿದ ಸಿಮೆಂಟು) ಬದಲು ಒಪಿಸಿ (ಸಾದಾ ಪೋರ್ಟ್‌ಲ್ಯಾಂಡ್ ಸಿಮೆಂಟು) ತೆಗೆದುಕೊಂಡೆವು. ಚಳಿಯಲ್ಲಿ ಪಿಪಿಸಿ ನಿಧಾನ. ಜೊತೆಗೆ ಹಾರುಬೂದಿಯಲ್ಲಿ ಉಳಿದ ಇಂಗಾಲ ಗಾಳಿಯ ಅಡ್‌ಮಿಕ್ಸ್ಚರನ್ನು ಹೀರಿಕೊಂಡು ಲೆಕ್ಕ ತಪ್ಪಿಸುತ್ತೆ. ಸೈಟಿನಲ್ಲೇ ಮಿಕ್ಸರ್ ತಿರುಗಿಸಬೇಕಾಗಿದ್ದರಿಂದ ಮಾಲಿನ ಗಾಳಿ ಅಳೆಯುವ ಏರ್ ಮೀಟರನ್ನು ಪುಣೆಯಿಂದಲೇ ಹೊತ್ತೊಯ್ದೆವು. ಅದಿಲ್ಲದೆ ಈ ಕೆಲಸಕ್ಕೆ ಕೈ ಹಾಕಬೇಡಿ. ವೈಬ್ರೇಟರ್ ಸ್ವಲ್ಪ ಹೆಚ್ಚು ಹೊತ್ತು ಹಿಡಿದರೂ ಗುಳ್ಳೆ ಹೊರಗೆ ಹೋಗುತ್ತವೆ.

ಇನ್ನು ಅಡಿಪಾಯ. ಅಲ್ಲಿನ ಮಣ್ಣು ನುಣ್ಣಗೆ, ಪುಡಿ ಪುಡಿ. ಅಂಥ ಮಣ್ಣು ಕೆಳಗಿನಿಂದ ನೀರನ್ನು ಎಳೆದುಕೊಂಡು ಐಸಿನ ಪದರ ಕಟ್ಟಿ ಸ್ಲ್ಯಾಬನ್ನೇ ಮೇಲೆತ್ತುತ್ತೆ. ಅದನ್ನು ತೆಗೆಸಿ 200 ಮಿ.ಮೀ. ಶುದ್ಧ ಖಡಿ (ಜಲ್ಲಿ) ಹಾಕಿ ಕುಟ್ಟಿಸಿದೆವು. ಬೆಟ್ಟದ ಕಡೆಯಿಂದ ಬರುವ ನೀರಿಗೆ ತೂತಿನ ಪೈಪು ಹಾಕಿ ಇಳಿಜಾರಿಗೆ ಬಿಟ್ಟೆವು. ಮೇಲೆ 125 ಮಿ.ಮೀ. ಸ್ಲ್ಯಾಬ್, 50ಕ್ಕೆ 1ರ ವಾಟ (ಇಳಿಜಾರು). ವಾಟ ಮನೆಯಿಂದ ಆಚೆಗೆ, ಮತ್ತು ಕರಗಿದ ಹಿಮದ ನೀರು ಗೇಟಿನ ದಾರಿಯಲ್ಲಿ ನಿಲ್ಲದ ಹಾಗೆ.

ಮೇ ಕೊನೆಯಲ್ಲಿ ಕಾಂಕ್ರೀಟ್ ಹಾಕಿದೆವು. ಮಳೆಗೆ ಮುಂಚೆ ಮುಗಿಯಬೇಕು, ಮೊದಲ ಹಿಮ ಬೀಳುವ ಹೊತ್ತಿಗೆ ನೆಲ ಪೂರ್ತಿ ಬಲ ಪಡೆದು ಒಳಗೆ ಒಣಗಿರಬೇಕು. ಅಕ್ಟೋಬರಿನಲ್ಲಿ ಹಾಕಿದರೆ ಹಸಿ ಇರುವಾಗಲೇ ಚಳಿ ಹಿಡಿಯುತ್ತೆ.

ಅಚ್ಚಿನ ಕೆಲಸದಲ್ಲಿ ಬೆಟ್ಟ ಕಾಡುವುದು ಇಲ್ಲಿಂದ ಮುಂದೆ. ಗಾಳಿ ಒಣ, ಬೀಸು ಜೋರು, ಬಿಸಿಲು ಚುರುಕು. ಅತಿನೇರಳೆ ಕಿರಣ ಪ್ರತಿ 1,000 ಮೀಟರಿಗೆ ಸುಮಾರು ಶೇ. 10 ಹೆಚ್ಚುತ್ತೆ. ಆದರೆ ಮಾಲು ಮಾತ್ರ ತಣ್ಣಗೆ, ಏಕೆಂದರೆ ರಾತ್ರಿಯೆಲ್ಲ ಖಡಿ, ನೀರು, ಸಿಮೆಂಟು ತಣ್ಣಗಾಗಿರುತ್ತವೆ. ಮೊದಲ ಸ್ಯಾಂಪಲ್ ಚೌಕದಲ್ಲಿ ನಮ್ಮ ಹಿರಿಯ ಗೌಂಡಿ ಬೆರಳು ಒತ್ತಿ ನೋಡಿ ಹೇಳಿದರು: "ಸಾಹೇಬ್ರ, ಮ್ಯಾಲೆ ಒಣಗೈತಿ, ಒಳಗ ಇನ್ನೂ ಹಸೀನ ಐತ್ರಿ."

"ಹಂಗಾದ್ರ ಅಚ್ಚು ಇಡೂದು ಬ್ಯಾಡ ಕಾಕಾ, ಒಡೀತದ" ಅಂದೆ.

ಕಾಸಿದ ಹಾಲಿನ ಮೇಲೆ ಕೆನೆ ಕಟ್ಟುವ ಹಾಗೆ ಮೇಲೊಂದು ತೊಗಲು ಬಂದಿರುತ್ತೆ. ಅದರ ಮೇಲೆ ಅಚ್ಚು ಕುಟ್ಟಿದರೆ ಗೆರೆಗಳ ಅಂಚು ಹರಿದು ಸೀಳು ಬಿಡುತ್ತೆ. ಚಳಿಗಾಲದಲ್ಲಿ ನೀರು ಒಳಗೆ ಇಳಿಯುವುದು ಇದೇ ಸೀಳುಗಳಿಂದ. ಇಂಥ ಕಡೆ ಮೇಲಿನಿಂದ ನೀರು ಚಿಮುಕಿಸಿ ಮೃದು ಮಾಡುವ ಅಭ್ಯಾಸ ನಮ್ಮವರಲ್ಲಿದೆ. ಹಿಮದ ಊರಲ್ಲಿ ಅದು ವಿಷ. ಮೇಲಿನ ಪದರದಲ್ಲೇ ನೀರು ಜಾಸ್ತಿಯಾಗಿ, ಬಲ ಕಡಿಮೆಯಾಗಿ, ಮೊದಲು ಏಳುವುದು ಅದೇ.

ಮಾಲಿಗೆ ಹಾಕುವ ನೀರನ್ನು ಹಂಡೆಯಲ್ಲಿ ಬಿಸಿ ಮಾಡಿದೆವು. ಮಾಲು 20 ಡಿಗ್ರಿ ಆಸುಪಾಸು ಇದ್ದರೆ ಒಳಗೂ ಮೇಲೂ ಜೊತೆಜೊತೆಗೆ ಬಿಗಿಯುತ್ತೆ. ಬೊಂಬು ನಿಲ್ಲಿಸಿ ಹಸಿರು ನೆಟ್ ಕಟ್ಟಿ ಗಾಳಿ, ಬಿಸಿಲು ಎರಡನ್ನೂ ತಡೆದೆವು. ತೇವ ಹಾರದಂತೆ ಇವ್ಯಾಪರೇಶನ್ ರಿಟಾರ್ಡರ್ ತೆಳುವಾಗಿ ಸಿಂಪಡಿಸಿದೆವು. ಒಂದು ಗಂಟೆಗೆ ಒಂದು ಚದರ ಮೀಟರಿನಿಂದ ಒಂದು ಕಿಲೋ ನೀರು ಹಾರುವಷ್ಟು ಒಣ ಇದ್ದರೆ ಮೇಲೆ ಬಿರುಕು ಬರುವ ಅಪಾಯ ಜಾಸ್ತಿ. ಬಿಸಿಲು, ಗಾಳಿ ಸೇರಿದರೆ ಅಲ್ಲಿ ಅದು ಸುಲಭವಾಗಿ ದಾಟುತ್ತೆ.

ಅಂಗಳದ ಅರ್ಧಕ್ಕೆ ಮನೆಯ ನೆರಳು ಬೀಳುತ್ತಿತ್ತು. ಬಿಸಿಲಿನ ಭಾಗ ಬೇಗ ಬಿಗಿಯುತ್ತೆ, ನೆರಳಿನದು ತಡ. ಹಾಗಾಗಿ ಎರಡನ್ನೂ ಬೇರೆ ಬೇರೆ ಪಟ್ಟಿಯಾಗಿ ಹಾಕಿ, ಅಚ್ಚು ಒತ್ತುವುದನ್ನು ಬಿಸಿಲಿನ ಕಡೆಯಿಂದ ಶುರು ಮಾಡಿದೆವು. ಬೆರಳು ಒತ್ತಿದರೆ 5-6 ಮಿ.ಮೀ. ಇಳಿಯಬೇಕು, ಮಾಲು ಬೆರಳಿಗೆ ಅಂಟಬಾರದು. ಈ ಅಂದಾಜು ಕಾಕಾನ ಕೈಗೆ ಗೊತ್ತು. ನಾನು ಗಡಿಯಾರ ನೋಡುವುದಿಲ್ಲ, ಅವರ ಮುಖ ನೋಡುತ್ತೇನೆ.

ಬಣ್ಣದಲ್ಲೂ ದಾರಿ ಬದಲಿಸಿದೆವು. ಪುಣೆಯಲ್ಲಿ ಹಸಿ ನೆಲದ ಮೇಲೆ ಪುಡಿ ಹಾರ್ಡನರ್ (ಮೇಲ್ಮೈ ಗಟ್ಟಿ ಮಾಡುವ ಬಣ್ಣದ ಪುಡಿ) ಎರಚಿ ಉಜ್ಜುತ್ತೇವೆ. ಅದಕ್ಕೆ ಮೇಲೆ ಒಸರುವ ನೀರು ಬೇಕು. ಗಾಳಿ ಸೇರಿದ ಕಾಂಕ್ರೀಟಿನಲ್ಲಿ ಆ ಒಸರು ಕಡಿಮೆ. ಅದಕ್ಕೆ ಐರನ್ ಆಕ್ಸೈಡ್ ಬಣ್ಣವನ್ನು ಮಾಲಿನಲ್ಲೇ ಕಲಸಿದೆವು, ಸಿಮೆಂಟಿನ ತೂಕದ ಶೇ. 4. ಮುಂದೆ ಎಲ್ಲಾದರೂ ಸವೆದರೂ ಒಳಗೂ ಅದೇ ಬಣ್ಣ. ಅಚ್ಚು ಅಂಟದಂತೆ ಹಾಕುವ ರಿಲೀಸ್ ಪುಡಿ ಗಾಳಿಗೆ ಹಾರುತ್ತೆ ಅಂತ ದ್ರವದ ರಿಲೀಸ್ ಬಳಸಿದೆವು. ಸ್ಟೀಲ್ ಕರಣಿಯಲ್ಲಿ ನುಣ್ಣಗೆ ತಿಕ್ಕಲು ಯಾರಿಗೂ ಬಿಡಲಿಲ್ಲ. ಹಾಗೆ ತಿಕ್ಕಿದರೆ ಮೇಲಿನ ಗುಳ್ಳೆಗಳು ಸಾಯುತ್ತವೆ. ಮೆಗ್ನೀಷಿಯಮ್ ಫ್ಲೋಟ್ ಸಾಕು.

ಜಾಯಿಂಟ್ 3 ಮೀಟರಿಗೊಂದು, ಆಳ ದಪ್ಪದ ಕಾಲು ಭಾಗ, ಅದೇ ದಿನ ಕಟಿಂಗ್. ಕಲ್ಲಿನ ಡಿಸೈನ್ ಗೆರೆಯ ಮೇಲೇ ಬರುವಂತೆ ಮೊದಲೇ ದಾರ ಕಟ್ಟಿ ಗುರುತು ಮಾಡಿದ್ದೆವು. 40 ಡಿಗ್ರಿ ವ್ಯತ್ಯಾಸಕ್ಕೆ 3 ಮೀಟರ್ ಕಾಂಕ್ರೀಟ್ ಸುಮಾರು 1.2 ಮಿ.ಮೀ. ಹಿಗ್ಗಿ ಕುಗ್ಗುತ್ತೆ. ಬೇಸಿಗೆ ಬಿಸಿಲಿಗೂ ಚಳಿಗಾಲದ ರಾತ್ರಿಗೂ ಅಷ್ಟು ಅಂತರ ಇದ್ದೇ ಇರುತ್ತೆ. ಜಾಗ ಕೊಡದಿದ್ದರೆ ಅದೇ ಬಿರುಕು ಮಾಡಿಕೊಳ್ಳುತ್ತೆ. ಕ್ಯೂರಿಂಗಿಗೆ (ತೇವ ಉಳಿಸಿ ಗಟ್ಟಿಯಾಗಲು ಬಿಡುವುದಕ್ಕೆ) ಗೋಣಿ ಚೀಲ, ಪ್ಲಾಸ್ಟಿಕ್ ಹಾಳೆ ಎರಡೂ ಬೇಡ, ಬಣ್ಣದ ಮೇಲೆ ಕಲೆ ಕೂರುತ್ತೆ. ಕ್ಯೂರಿಂಗ್ ಕಾಂಪೌಂಡ್ ಹೊಡೆದೆವು, ಮುಂದೆ ನೀರು ಇಳಿಯದಂತೆ ಹಾಕುವ ಸೀಲರಿಗೆ ಅಡ್ಡಿಯಾಗದಂಥದ್ದು.

ಸೀಲರ್ ಬಗ್ಗೆ ಮಾಲೀಕರ ಜೊತೆ ಹೆಚ್ಚು ಮಾತಾಯಿತು. ಅವರಿಗೆ ಮಳೆಯಲ್ಲಿ ನೆನೆದ ಹಾಗೆ ಹೊಳೆಯಬೇಕು. ದಪ್ಪ ಅಕ್ರಿಲಿಕ್ ಪದರ ಹಾಕಿದರೆ ಹೊಳೆಯುತ್ತೆ ನಿಜ. ಆದರೆ ಒಳಗಿನ ತೇವ ಹೊರಬರದೆ ಬೆಳ್ಳಗಾಗಿ ಸುಲಿಯುತ್ತೆ, ಐಸ್ ಬಿದ್ದಾಗ ಜಾರುತ್ತೆ. ಸಿಲೇನ್-ಸಿಲಾಕ್ಸೇನ್ ಸೀಲರ್ ಒಳಗೆ ಇಳಿದು ನೀರನ್ನು ತಡೆಯುತ್ತೆ, ಆವಿಯನ್ನು ಬಿಡುತ್ತೆ, ಹೊಳಪು ಕೊಡುವುದಿಲ್ಲ. ಎರಡರ ಸ್ಯಾಂಪಲ್ ಮೇಲೂ ನೀರು ಸುರಿದು ನಡೆಸಿ ತೋರಿಸಿದೆ. ಒಪ್ಪಿದರು. ಈ ವಿಷಯದಲ್ಲಿ ಗಿರಾಕಿಯ ಮಾತಿಗೆ ಬಗ್ಗಬಾರದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಹೋಮ್‌ಸ್ಟೇ ನೋಡಿಕೊಳ್ಳುವ ಹುಡುಗರಿಗೆ ಹೇಳಿ ಬಂದದ್ದು ಇಷ್ಟು. ಹಿಮ ಕರಗಿಸಲು ಉಪ್ಪು ಹಾಕಲೇಬೇಡಿ. ಉಪ್ಪು ಕರಗಿಸಿದ ನೀರು ಒಳಗೆ ಹೋಗಿ ಚಕ್ಕೆ ಏಳುವುದನ್ನು ಇನ್ನೂ ಜೋರು ಮಾಡುತ್ತೆ. ಜಾರುತ್ತಿದ್ದರೆ ಉಸುಕು ಎರಚಿ. ಹಿಮ ತಳ್ಳಲು ಪ್ಲಾಸ್ಟಿಕ್ ಸಲಿಕೆ ಮಾತ್ರ, ಗಡ್ಡೆ ಒಡೆಯಲು ಹಾರೆ ಮುಟ್ಟಬೇಡಿ. ಸುತ್ತ ಸೇಬಿನ ತೋಟ ಇದೆ, ಗೊಬ್ಬರದ ಮೂಟೆ ಅಂಗಳದಲ್ಲಿ ಇಳಿಸಬೇಡಿ, ಅಮೋನಿಯಂ ನೈಟ್ರೇಟ್, ಅಮೋನಿಯಂ ಸಲ್ಫೇಟ್ ಎರಡೂ ಕಾಂಕ್ರೀಟನ್ನು ತಿನ್ನುತ್ತವೆ. ಪ್ರತಿ ಬೇಸಿಗೆ ಜಾಯಿಂಟಿನ ಸೀಲಂಟ್ ನೋಡಿ, ಬಿಟ್ಟಿದ್ದರೆ ತುಂಬಿ. ನೆಲದ ಮೇಲೆ ಒಂದು ಚೊಂಬು ನೀರು ಹಾಕಿ. ಹನಿಹನಿಯಾಗಿ ನಿಂತರೆ ಸೀಲರ್ ಇದೆ, ಹೀರಿ ಕಪ್ಪಾದರೆ ಮತ್ತೆ ಹೊಡೆಯುವ ಕಾಲ ಬಂತು. ಸೀಲರ್ ಹೊಡೆಯುವ ಮುಂಚೆ ನೆಲ ಪೂರ್ತಿ ಒಣಗಿರಬೇಕು, ಹಿಮ ಕರಗಿದ ಮರುದಿನವೇ ಹೊಡೆಯಬೇಡಿ. ಮೂಲೆ ಎಲ್ಲಾದರೂ ಒಡೆದರೆ ಸಾದಾ ಸಿಮೆಂಟು ಮೆತ್ತಬೇಡಿ, ಆ ತೇಪೆ ಯಾವತ್ತೂ ಬಣ್ಣಕ್ಕೆ ಹೊಂದುವುದಿಲ್ಲ. ಅದೇ ಬ್ಯಾಚಿನ ಬಣ್ಣ ಒಂದು ಡಬ್ಬಿಯಲ್ಲಿ ಕಟ್ಟಿ ಅವರ ಸ್ಟೋರ್ ರೂಮಿನಲ್ಲೇ ಇಟ್ಟಿದ್ದೇವೆ.