ಪಾಲಿಗಿಂತ ಮೊದಲು ಬಾಗಿಲು: ಒಂದು ಪ್ರತಿಬಂಧಕಾಜ್ಞೆಯ ಅನುಭವ

ತಾಲ್ಲೂಕು ಕೇಂದ್ರವೊಂದರ ಸಿವಿಲ್ ನ್ಯಾಯಾಲಯದಲ್ಲಿ ವಕೀಲಿ ಮಾಡುವ ನನ್ನ ಬಳಿಗೆ, ಗಂಡ ತೀರಿಕೊಂಡು ನಾಲ್ಕು ತಿಂಗಳಾಗಿದ್ದ ಹೆಣ್ಣುಮಗಳೊಬ್ಬರು ಇಬ್ಬರು ಮಕ್ಕಳೊಂದಿಗೆ ಬಂದಾಗ ಕೇಳಿದ್ದು ಪಾಲನ್ನಲ್ಲ. "ಮೇಡಂ, ಭಾಗ ಯಾವಾಗಾದರೂ ಆಗಲಿ, ನಮ್ಮ ಭಾವ ಬೀಗ ಹಾಕದ ಹಾಗೆ ಮೊದಲು ಮಾಡಿಕೊಡಿ" ಎಂದರು. ಮನೆ ಮಾವನವರ ಸ್ವಯಾರ್ಜಿತ. ಅವರು ಉಯಿಲು ಬರೆಯದೆ ತೀರಿಹೋದ ಮೇಲೆ ಖಾತೆ ಹಿರಿಯ ಮಗನ ಹೆಸರಿಗೆ ಬದಲಾಗಿತ್ತು. ಆತ ಮನೆ ಮಾರಲು ಮುಂಗಡವನ್ನೂ ಪಡೆದಿದ್ದರು.

ಹಕ್ಕಿನ ಪ್ರಶ್ನೆ ಅಷ್ಟು ಕಷ್ಟದ್ದಾಗಿರಲಿಲ್ಲ. 1956ರ ಹಿಂದೂ ಉತ್ತರಾಧಿಕಾರ ಅಧಿನಿಯಮದಂತೆ ಮಾವನಿಂದ ಗಂಡನಿಗೆ ಬಂದ ಪಾಲು ಆಕೆಗೂ ಮಕ್ಕಳಿಗೂ ಇಳಿದಿತ್ತು, ಖಾತೆಯಾದರೋ ಒಡೆತನದ ಪತ್ರವಲ್ಲ. ತೊಡಕಿದ್ದದ್ದು ಬೇರೆ ಕಡೆ. ಅವಿಭಜಿತ ಆಸ್ತಿಯಲ್ಲಿ ಒಬ್ಬ ಸಹಮಾಲೀಕನ ಸ್ವಾಧೀನವೆಂದರೆ ಎಲ್ಲರ ಸ್ವಾಧೀನವೆಂದೇ ಕಾನೂನು ನೋಡುವುದರಿಂದ, ಒಬ್ಬ ಸಹಮಾಲೀಕ ಇನ್ನೊಬ್ಬನ ವಿರುದ್ಧ ಪ್ರತಿಬಂಧಕಾಜ್ಞೆ, ಅಂದರೆ ಇಂಥದ್ದನ್ನು ಮಾಡಕೂಡದೆಂಬ ನ್ಯಾಯಾಲಯದ ತಡೆ, ಪಡೆಯುವುದು ಸುಲಭವಲ್ಲ. ಬರಿಯ ಪ್ರತಿಬಂಧಕಾಜ್ಞೆಯ ದಾವೆ ಈ ಒಂದು ಮಾತಿಗೇ ಬಿದ್ದೀತೆಂದು ಎಣಿಸಿ ಪಾಲುವಿಭಾಗದ ದಾವೆಯನ್ನೇ ಹೂಡಿದೆ. ಮಾವನ ಹೆಣ್ಣುಮಕ್ಕಳನ್ನೂ ಮರೆಯದೆ ಪ್ರತಿವಾದಿಗಳಾಗಿ ಸೇರಿಸಿದೆ. ಅದರೊಳಗೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 39ನೇ ಆದೇಶದ 1 ಮತ್ತು 2ನೇ ನಿಯಮಗಳಡಿ ಎರಡು ಮಧ್ಯಂತರ ಅರ್ಜಿ ಹಾಕಿದೆ: ಒಂದು ಪರಭಾರೆ, ಅಂದರೆ ಮನೆಯನ್ನು ಬೇರೆಯವರಿಗೆ ಮಾರುವುದನ್ನು ತಡೆಯಲು, ಇನ್ನೊಂದು ಆಕೆಯನ್ನು ಕಾನೂನು ಕ್ರಮವಿಲ್ಲದೆ ಮನೆಯಿಂದ ಹೊರಹಾಕದಂತೆ ತಡೆಯಲು. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯಡಿ ಮ್ಯಾಜಿಸ್ಟ್ರೇಟರಲ್ಲಿ ವಾಸದ ಆದೇಶ ಕೇಳುವ ದಾರಿಯೂ ಇತ್ತು. ಪಾಲೂ ಇತ್ಯರ್ಥವಾಗಬೇಕಿದ್ದರಿಂದ ಅದನ್ನು ಆಗ ಹಿಡಿಯಲಿಲ್ಲ.

ನ್ಯಾಯಾಧೀಶರು ನೋಡುವುದು ಮೂರನ್ನು: ಮೇಲ್ನೋಟಕ್ಕೆ ಪ್ರಕರಣವಿದೆಯೇ, ಅನುಕೂಲತೆಯ ತಕ್ಕಡಿ ಯಾರ ಕಡೆ ವಾಲುತ್ತದೆ, ದುಡ್ಡಿನಿಂದ ತುಂಬಲಾಗದ ನಷ್ಟ ಆಗುತ್ತದೆಯೇ. ಮೊದಲನೆಯದಕ್ಕೆ ವಂಶವೃಕ್ಷ ಸಾಕಾಯಿತು. ಉಳಿದೆರಡನ್ನು ಹೊತ್ತದ್ದು ಗಂಡನ ಹೆಸರಿನ ಕರೆಂಟ್ ಬಿಲ್ಲುಗಳು, ರೇಷನ್ ಕಾರ್ಡು ಮತ್ತು ಮಕ್ಕಳ ಶಾಲಾ ದಾಖಲೆಯಲ್ಲಿದ್ದ ವಿಳಾಸ. ಮನೆಯ ಚಕ್ಕುಬಂದಿಯನ್ನು ನಾನೇ ಹೋಗಿ ನೋಡಿ ಬರೆದುಕೊಂಡೆ, ಏಕೆಂದರೆ ದಾವಾಪತ್ರದಲ್ಲಿ ಆಸ್ತಿಯ ವಿವರ ಕೊಡುವ ಅನುಸೂಚಿಯಲ್ಲಿ ಒಂದು ದಿಕ್ಕು ತಪ್ಪಿದರೂ ಎದುರಾಳಿ "ಆ ಮನೆಯೇ ಬೇರೆ" ಎನ್ನುತ್ತಾರೆ.

ತಿಥಿಯ ನಂತರ ಆಕೆ ಎರಡು ತಿಂಗಳು ತವರಿನಲ್ಲಿದ್ದರು. ಅದನ್ನು ಬರೆಯುವುದು ಬೇಡವೆಂದು ಆಕೆಯ ಅಣ್ಣ ಪಟ್ಟು ಹಿಡಿದರು. ನಾನು ಪ್ರಮಾಣಪತ್ರದಲ್ಲಿಯೇ (ಅಫಿಡವಿಟ್) ಬರೆಸಿದೆ: ಪಾತ್ರೆ ಪಡಗ, ಮಕ್ಕಳ ಪುಸ್ತಕಗಳು ಮನೆಯಲ್ಲೇ ಇದ್ದವು, ಕೀಲಿಕೈ ಆಕೆಯ ಬಳಿಯೇ ಇತ್ತು ಎಂಬುದರ ಸಮೇತ. ಮುಚ್ಚಿಟ್ಟ ಸಂಗತಿಯೊಂದು ಎದುರಾಳಿಯ ಬಾಯಿಂದ ಹೊರಬಿದ್ದರೆ ಸಿಕ್ಕ ಆಜ್ಞೆಯೂ ಉಳಿಯುವುದಿಲ್ಲ.

ಎದುರಾಳಿ ಕೇವಿಯಟ್, ಅಂದರೆ ತನ್ನನ್ನು ಕೇಳದೆ ಆದೇಶ ಕೊಡಬೇಡಿ ಎಂಬ ಮುಂಚಿತ ಅರ್ಜಿ, ಹಾಕಿಲ್ಲವೆಂದು ಖಚಿತಪಡಿಸಿಕೊಂಡು, ಎದುರು ಪಕ್ಷವನ್ನು ಕೇಳುವ ಮೊದಲೇ ಕೊಡುವ ಏಕಪಕ್ಷೀಯ ಆದೇಶ ಕೋರಿದೆ. ನೋಟಿಸು ತಲುಪುವಷ್ಟರಲ್ಲಿ ಕ್ರಯಪತ್ರ ನೋಂದಣಿಯಾಗಿ ಬಾಗಿಲಿಗೆ ಬೀಗವೂ ಬೀಳಬಹುದೆಂಬ ಕಾರಣವನ್ನು ದಾಖಲಿಸಿ ನ್ಯಾಯಾಲಯವು ಮುಂದಿನ ದಿನಾಂಕದವರೆಗೆ ಆಜ್ಞೆ ಕೊಟ್ಟಿತು. "ಯಥಾಸ್ಥಿತಿ ಕಾಪಾಡಿ" ಎಂಬಷ್ಟೇ ಮಾತು ಸಾಲದೆಂದು, ವಾಸವಿರುವವರು ವಾದಿಯೇ ಎಂಬುದು ಆದೇಶದಲ್ಲಿ ಬರುವಂತೆ ನಾನು ಒತ್ತಿ ಕೇಳಿದ್ದೆ. ಇಲ್ಲದಿದ್ದರೆ ಇಬ್ಬರೂ ಅದೇ ಕಾಗದ ಹಿಡಿದು ಪೊಲೀಸ್ ಠಾಣೆಗೆ ಹೋಗುತ್ತಾರೆ. ಅಂದೇ ದಾವಾಪತ್ರ, ಅರ್ಜಿ, ದಾಖಲೆಗಳ ಪ್ರತಿಗಳನ್ನು ನೋಂದಾಯಿತ ಅಂಚೆಯಲ್ಲಿ ಕಳಿಸಿ, ಮರುದಿನ ಅದರ ಪ್ರಮಾಣಪತ್ರ ಸಲ್ಲಿಸಿದೆ. ಅದೇ 39ನೇ ಆದೇಶದ 3ನೇ ನಿಯಮ ಹೇಳುವ ಈ ಕೆಲಸವನ್ನು ಹಿಂದೊಮ್ಮೆ ಮರೆತು ಆಜ್ಞೆ ಕಳೆದುಕೊಂಡವಳು ನಾನು.

ಎರಡೂ ಕಡೆಯ ವಾದದ ನಂತರ ದಾವೆ ಮುಗಿಯುವವರೆಗೆ ಆಜ್ಞೆ ಖಾಯಂ ಆಯಿತು. ಆಜ್ಞೆ ಮೀರಿದರೆ ಅದೇ ಆದೇಶದ 2ಎ ನಿಯಮದಡಿ ಆಸ್ತಿ ಜಪ್ತಿಯೂ ಮೂರು ತಿಂಗಳವರೆಗಿನ ಸಿವಿಲ್ ಬಂಧನವೂ ಆಗಬಹುದೆಂದು ಭಾವನ ವಕೀಲರೇ ಅವರಿಗೆ ತಿಳಿಹೇಳಿರಬೇಕು. ಬಾಗಿಲಿನ ತಂಟೆಗೆ ಅವರು ಬರಲಿಲ್ಲ. ಬದಲಿಗೆ ನಲ್ಲಿಯ ಪೈಪನ್ನು ಕಡಿಸಿದರು. ನನ್ನ ಅರ್ಜಿಯಲ್ಲಿ ನೀರಿನ ಮಾತೇ ಇರಲಿಲ್ಲ. ಇನ್ನೊಂದು ಅರ್ಜಿ ಹಾಕಿ ಸಂಪರ್ಕವನ್ನು ಮರಳಿ ಕೊಡಿಸುವ ಹೊತ್ತಿಗೆ, ಹತ್ತೊಂಬತ್ತು ದಿನ ಆಕೆ ಪಕ್ಕದ ಮನೆಯಿಂದ ಕೊಡದಲ್ಲಿ ನೀರು ಹೊತ್ತಿದ್ದರು.